ಅಂಗಡಿ ಮುಚ್ಚುವ ತಿಂಗಳು

ಎದುರಾಳಿ ಕಂಪನಿಯ ಹೊಸ ಜಾಹೀರಾತು ಸಭಾಕೊಠಡಿಯ ಪರದೆಯ ಮೇಲೆ ಬಂತು. ಸಣ್ಣ ಅಂಗಡಿಗಳ ವ್ಯವಹಾರ ನೋಡಿಕೊಳ್ಳುವ ತಂತ್ರಾಂಶ ಮಾರುವುದು ಎರಡೂ ಕಂಪನಿಗಳ ಕಸುಬು. ಇವರು ಮುಂದಿನ ವಾರ ಪ್ರಕಟಿಸಬೇಕೆಂದಿದ್ದ ಹೊಸ ದರಗಳನ್ನು ಅವರು ಇವತ್ತೇ ಸಾರಿಬಿಟ್ಟಿದ್ದರು.

ಆ ದರಗಳನ್ನು ಲೆಕ್ಕ ಹಾಕಿದವಳು ಮಾಹಿತಿ ವಿಭಾಗದ ಮುಖ್ಯಸ್ಥೆ. ಗಿರಾಕಿಯ ಮನಸ್ಸಿನಲ್ಲೇನಿದೆ, ಎದುರಾಳಿ ಎತ್ತ ಹೊರಟಿದ್ದಾನೆ ಎಂದು ಮೊದಲೇ ಮೂಸಿ ಹೇಳುವುದು ಅವಳ ಕೆಲಸ. ಅವಳ ಕಣ್ಣು ನೇರವಾಗಿ ವಿನ್ಯಾಸಕಾರನ ಮೇಲೆ ಹೋಯಿತು. ಅವನ ಅಣ್ಣ ಇದ್ದದ್ದು ಎದುರಾಳಿ ಕಂಪನಿಯಲ್ಲಿ.

"ಮನೇಲಿ ಅಣ್ಣನ ಜೊತೆ ಊಟಕ್ಕೆ ಕೂತಾಗ ಏನೇನು ಬಾಯಿ ಬಿಡ್ತೀಯೋ, ಯಾರಿಗೆ ಗೊತ್ತು?" ಎಂದಳು, ಎಲ್ಲರ ಎದುರಿಗೆ.

ವಿನ್ಯಾಸಕಾರ ಕತ್ತಿನಲ್ಲಿದ್ದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದ. ಸಂಜೆಯೊಳಗೆ ಸತ್ಯ ಹೊರಬೀಳದಿದ್ದರೆ ಅವನು ನಾಳೆಯಿಂದ ಬರುವುದು ಬೇಡ ಎಂದರು ಯಜಮಾನರು.

ಇಂಥ ಗೋಜಲು ಬಿಡಿಸಲು ಆ ಕಚೇರಿಯಲ್ಲಿದ್ದವರು ಒಬ್ಬರೇ: ದೂರು ವಿಭಾಗದ ಹಿರಿಯಾಕೆ, ಎಲ್ಲರಿಗೂ ಚಿಕ್ಕಮ್ಮ. ಗಿರಾಕಿಗಳ ಬೈಗುಳ ಕೇಳಿ ಕೇಳಿ ಮನುಷ್ಯರನ್ನು ಅಳೆಯಲು ಕಲಿತವರು. ಅವರ ಪತ್ತೇದಾರಿಕೆಯಲ್ಲೆಲ್ಲ ಜೊತೆಗಿದ್ದು, ಆಮೇಲೆ ಉಪ್ಪುಖಾರ ಹಚ್ಚಿ ಕಚೇರಿಗೆಲ್ಲ ಸಾರುತ್ತಿದ್ದವಳು ಇದೇ ಮುಖ್ಯಸ್ಥೆ. ಈ ಸಲವೂ ಉತ್ಸಾಹದಿಂದಲೇ ಪಕ್ಕದಲ್ಲಿ ಕುಳಿತಳು.

ಚಿಕ್ಕಮ್ಮ ಜಾಹೀರಾತಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ವರ್ಷದಲ್ಲಿ ಕೆಲವು ತಿಂಗಳು ಮುಚ್ಚುವ ಅಂಗಡಿಗಳಿಗೆ ಆ ತಿಂಗಳುಗಳ ಶುಲ್ಕವಿಲ್ಲ.

"ಇದು ನಮ್ಮ ಯೋಜನೇಲಿ ಇದೆಯೇನಮ್ಮಾ?"

"ಮೊದಲು ಇತ್ತು. ನಷ್ಟ ಆಗುತ್ತೆ ಅಂತ ನಾನೇ ಕೈಬಿಟ್ಟೆ. ಯಾರಿಗೂ ತೋರಿಸೇ ಇಲ್ಲ."

ಹಳೆಯ ಲೆಕ್ಕವನ್ನೆಲ್ಲ ತಮ್ಮ ತಂತ್ರಾಂಶಕ್ಕೆ ಪುಕ್ಕಟೆ ಸಾಗಿಸಿಕೊಟ್ಟು ಎದುರಾಳಿಯ ಗಿರಾಕಿಗಳನ್ನು ಸೆಳೆಯುವುದು ಇವರ ತುರುಪು. ಅದು ಜಾಹೀರಾತಿನಲ್ಲಿ ಎಲ್ಲೂ ಇರಲಿಲ್ಲ. ವಿನ್ಯಾಸಕಾರ ಇಷ್ಟು ದಿನ ಚಿತ್ರ ಬರೆಯುತ್ತಿದ್ದದ್ದು ಅದೊಂದಕ್ಕೇ.

ಎದುರಾಳಿಯ ದರ ಹೇಗೆ ತಿಳಿದುಕೊಳ್ಳುತ್ತೀಯೆಂದು ಚಿಕ್ಕಮ್ಮ ವಿಚಾರಿಸಿದರು. ಅವಳು ನಕ್ಕಳು. ಐಸ್‌ಕ್ರೀಂ ಅಂಗಡಿಯವಳಂತೆ ದನಿ ಬದಲಿಸಿ ಅವರ ಮಾರಾಟದವರಿಗೆ ಫೋನ್ ಮಾಡುತ್ತೇನೆ, ನನಗೆ ಹೊಳೆದದ್ದನ್ನೆಲ್ಲ ಕೇಳುತ್ತೇನೆ, ಪಾಪ, ಅವರು ಎಲ್ಲ ಹೇಳುತ್ತಾರೆ ಎಂದು ಹೆಮ್ಮೆಯಿಂದ ವಿವರಿಸಿದಳು. ಚಿಕ್ಕಮ್ಮ ನಗಲಿಲ್ಲ.

ಸಂಜೆ ಎಲ್ಲರೂ ಮತ್ತೆ ಸೇರಿದರು. ವಿನ್ಯಾಸಕಾರ ಬಾಗಿಲ ಬಳಿಯೇ ನಿಂತ.

"ಈ ಹುಡುಗ ಕದ್ದಿದ್ರೆ ತಾನೇ ಬರೆದ ತುರುಪನ್ನ ಬಿಟ್ಟು, ನೋಡೇ ಇಲ್ಲದ್ದನ್ನ ಕೊಡ್ತಿದ್ನಾ?" ಎಂದರು ಚಿಕ್ಕಮ್ಮ. "ಕೊಳ್ಳದೇ ಬರೀ ಕೇಳೋರ ದನಿ ನಮ್ಮ ವಿಭಾಗದವರಿಗೆ ಚೆನ್ನಾಗಿ ಗೊತ್ತು. ಯಾಕೆ ಕೇಳ್ತಾರೆ ಅಂತ ನಾವೂ ಯೋಚಿಸ್ತೀವಿ. ಅವರೂ ಯೋಚಿಸಿದಾರೆ." ಅಲ್ಲಿಗೆ ನಿಲ್ಲಿಸಿ ಮುಖ್ಯಸ್ಥೆಯ ಕಡೆ ನೋಡಿದರು. "ಮಿಕ್ಕಿದ್ದು ನೀನೇ ಹೇಳಮ್ಮ. ನನ್ನ ಕತೆಗಳನ್ನ ಯಾವಾಗಲೂ ಹೇಳೋದು ನೀನೇ ಅಲ್ವಾ?"

ಅವಳ ಕಿವಿಯವರೆಗೆ ಬಿಸಿಯೇರಿತು. ಚಳಿಗಾಲದಲ್ಲಿ ಅಂಗಡಿ ಮುಚ್ಚಿದರೂ ಶುಲ್ಕ ಕಟ್ಟಬೇಕಾ ಎಂದು ತಾನೇ ಕೇಳಿದ್ದು ನೆನಪಾಯಿತು. ಯೋಚಿಸಿದ ದರಗಳನ್ನೆಲ್ಲ ಒಂದೊಂದಾಗಿ ಪ್ರಶ್ನೆ ಮಾಡಿ ಅವರ ಕಿವಿಗೆ ಹಾಕಿದ್ದಳು. ಅವರ ಗಿರಾಕಿಗಳನ್ನು ಸೆಳೆಯುವ ಮಾತೊಂದನ್ನೇ ಅವರಲ್ಲಿ ಕೇಳುವಂತಿರಲಿಲ್ಲ, ಹಾಗಾಗಿ ಅದೊಂದು ಉಳಿದಿತ್ತು. ಇಷ್ಟನ್ನೂ ತಲೆ ತಗ್ಗಿಸಿ ಹೇಳಿ ಮುಗಿಸಿದಳು.

ಗುರುತಿನ ಚೀಟಿಯನ್ನು ಎತ್ತಿಕೊಂಡು ಹೋಗಿ ವಿನ್ಯಾಸಕಾರನ ಮುಂದೆ ಹಿಡಿದಳು. "ತಪ್ಪಾಯ್ತಪ್ಪ."

ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. "ನಿಮ್ಮ ಮಾತು ಕೇಳಿ ನಂಗೂ ಅನುಮಾನ ಬಂತು ಮೇಡಂ. ನನ್ನ ಕಂಪ್ಯೂಟರ್ ನೋಡಿದ್ಯಾ ಅಂತ ಅಣ್ಣಂಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಈಗ ಅವನು ನನ್ನ ಫೋನೇ ಎತ್ತುತ್ತಿಲ್ಲ."

ಅವಳು ಅಲ್ಲೇ, ಎಲ್ಲರ ಎದುರಿಗೇ, ಆ ಕಂಪನಿಗೆ ಫೋನ್ ಮಾಡಿದಳು. ಬೆರಳಿಗೆ ಪಾಠವಾಗಿದ್ದ ನಂಬರು. ವಿನ್ಯಾಸಕಾರನ ಅಣ್ಣನ ಹತ್ತಿರ ಮಾತಾಡಬೇಕು ಎಂದಾಗ, ಯಾರು ಮಾತಾಡುವುದು ಎಂದು ಆ ಕಡೆಯಿಂದ ಕೇಳಿದರು. ಆ ಕಂಪನಿಯವರಿಗೆ ಮೊದಲ ಸಲ, ತನ್ನದೇ ದನಿಯಲ್ಲಿ ತನ್ನ ನಿಜವಾದ ಹೆಸರು ಹೇಳಿದಳು.