ಮೊಂಡಾಗದ ಸೂಜಿ

"ಇವಳ ಕೈಯಿಂದ ಇನ್ನೊಂದು ತುತ್ತು ನನ್ನ ಗಂಟಲಲ್ಲಿ ಇಳಿಯಲ್ಲ!"

ಅತ್ತೆ ತಟ್ಟೆಯನ್ನು ದೂಡಿದ ರಭಸಕ್ಕೆ ಅದು ಹೊಲಿಗೆ ಯಂತ್ರದ ಕಾಲಿಗೆ ಬಡಿದು ಮಗುಚಿಕೊಂಡಿತು. "ಉಪ್ಪಿಲ್ಲದ ಊಟ ಹಾಕಿ ಹಾಕಿ ಅರ್ಧ ಕೊಂದಿದ್ದು ಸಾಲದು ಅಂತ, ಈಗ ರಕ್ತಕ್ಕೇ ವಿಷ ಬೆರೆಸಿದ್ದಾಳೆ! ಕೇಳಿಸ್ತೇನೋ? ನಿನ್ನ ಹೆಂಡತಿ ಮೈಯಲ್ಲೇ ಇತ್ತಂತೆ ಆ ಕಾಯಿಲೆ!"

"ಅಮ್ಮಾ, ಯಾವಾಗಲೋ ಚಿಕ್ಕವಳಿದ್ದಾಗ ಬಂದು ಹೋಗಿದೆ ಅಂದ್ರು ಡಾಕ್ಟ್ರು. ಈಗಿಲ್ಲ. ಅವಳಿಂದ ಯಾರಿಗೂ ಬರೋದೂ ಇಲ್ಲ..."

"ನೀನು ಸುಮ್ನಿರೋ! ಅಪ್ಪ ಯಾರು, ಅಮ್ಮ ಯಾರು ಅಂತ ಗೊತ್ತಿಲ್ಲದವಳನ್ನ ಕಟ್ಟಿಕೊಂಡು ಬಂದೆಯಲ್ಲ, ಅವತ್ತೇ ಅಂದುಕೊಂಡೆ, ಇವಳ ಜೊತೆ ಏನೇನು ಬರುತ್ತೋ ಅಂತ!"

ಮಗ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಬಾಗಿಲಲ್ಲೇ ನಿಂತ. ಸೊಸೆ ನೆಲಕ್ಕೆ ಬಿದ್ದ ಅಗುಳುಗಳನ್ನು ಬಳಿಯುತ್ತ ಕೂತಳು. ಅನಾಥಾಶ್ರಮದಲ್ಲಿ ಬೆಳೆದವಳಿಗೆ ಬೈಗುಳ ಹೊಸದಲ್ಲ. ಆದರೆ ಈ ಮಾತು ಮಾತ್ರ ಎದೆಯೊಳಗೆ ಹೋಗಿ ಕೂತುಬಿಟ್ಟಿತು...

ಅತ್ತೆ ಬೀದಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಗಟ್ಟಿಗಿತ್ತಿ. ಕತ್ತರಿಗಿಂತ ನಾಲಿಗೆಯೇ ಹರಿತ ಎಂದು ಗಿರಾಕಿಗಳೇ ನಗುತ್ತಿದ್ದರು. ಸಕ್ಕರೆ ಕಾಯಿಲೆ ಮೂತ್ರಪಿಂಡಗಳನ್ನು ತಿಂದು ಹಾಕಿದ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೊಲಿಗೆಯ ಕೆಲಸ ಸೊಸೆಯ ಪಾಲಿಗೆ ಬಂತು, ಆಸ್ಪತ್ರೆಯ ಓಡಾಟವೂ ಬಂತು. ಈಗ ಇದರ ಮೇಲೆ ರಕ್ತದಿಂದ ರಕ್ತಕ್ಕೆ ದಾಟುವ ಹೆಪಟೈಟಿಸ್ ಬಿ! ಲಸಿಕೆಯೇನೋ ಹಾಕಿಸಿದ್ದರು. ಆದರೆ ಡಯಾಲಿಸಿಸ್‌ನವರಿಗೆ ಅದು ಕೆಲವೊಮ್ಮೆ ಹತ್ತುವುದಿಲ್ಲವಂತೆ. ಕಾಯಿಲೆ ತಿಳಿದ ಮರುದಿನವೇ ಡಾಕ್ಟರಮ್ಮ ಮನೆಯವರ ರಕ್ತವನ್ನೂ ತೆಗೆಸಿದರು. ಮಗನಿಗೆ ಏನೂ ಇರಲಿಲ್ಲ, ಲಸಿಕೆ ಕೊಟ್ಟರು. ಸೊಸೆಯ ಫಲಿತಾಂಶ ನೋಡಿ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. "ನಿನಗೆ ಲಸಿಕೆ ಬೇಡಮ್ಮ. ನಿನ್ನ ಮೈ ಒಂದು ಕಾಲದಲ್ಲಿ ಇದರ ಜೊತೆ ಹೋರಾಡಿ ಗೆದ್ದಿದೆ. ಆಗ ಎದ್ದ ಕಾವಲು ಇನ್ನೂ ರಕ್ತದಲ್ಲಿದೆ."

ಅವಳು ಎಷ್ಟು ಕೆದಕಿದರೂ ನೆನಪಾಗಿದ್ದು ಒಂದೇ. ಆಶ್ರಮದ ಮೂಲೆಯ ಚಾಪೆ, ಮುಖದೆದುರು ಸುಣ್ಣ ಉದುರಿದ ಗೋಡೆ, ಬೆಳಿಗ್ಗೆಯೋ ಸಂಜೆಯೋ ತಿಳಿಯದ ಜ್ವರ. ಯಾರೂ ಹಣೆ ಮುಟ್ಟಿ ನೋಡಿದ ನೆನಪಿಲ್ಲ. ಅಂಥ ಹೊತ್ತಿನಲ್ಲಿ ಈ ಬಡಕಲು ಮೈ ತನಗೂ ಹೇಳದೆ ಒಳಗೊಳಗೇ ಯುದ್ಧ ಮಾಡಿ ಗೆದ್ದಿತ್ತೇ! ಅವಳು ತನ್ನ ಮುಂಗೈಯ ನೀಲಿ ನರಗಳನ್ನು ಬೇರೆ ಯಾರದೋ ಎಂಬಂತೆ ಬೆರಗಿನಿಂದ ನೋಡಿಕೊಂಡಳು.

ತಟ್ಟೆ ದೂಡಿದ ಮರುದಿನ ಡಯಾಲಿಸಿಸ್ ಇತ್ತು. ಅತ್ತೆಗೆ ಸಾಲಿನಲ್ಲಿದ್ದ ಹಳೆಯ ಕುರ್ಚಿ ತಪ್ಪಿತ್ತು. ಸೋಂಕು ಹರಡಬಾರದೆಂದು ಗಾಜಿನ ಬಾಗಿಲಿನ ಬೇರೆ ಕೋಣೆ, ಬೇರೆ ಯಂತ್ರ, ಬೇರೆ ನರ್ಸ್. "ಅವಳು ಒಳಗೆ ಕಾಲಿಡಬಾರದು" ಎಂದು ಅತ್ತೆ ಅಪ್ಪಣೆ ಕೊಡಿಸಿದ್ದರಿಂದ ಸೊಸೆ ಊಟದ ಡಬ್ಬಿ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತಳು. ಗಾಜಿನಾಚೆ ಅತ್ತೆಯ ತೋಳಿನಿಂದ ಕೆಂಪು ಕೊಳವೆಯೊಂದು ಹೊರಡುತ್ತಿತ್ತು, ಇನ್ನೊಂದು ಮರಳುತ್ತಿತ್ತು. ಒಂದು ಜೀವದ ರಕ್ತವೆಲ್ಲ ಹೊರಗೆ ಬಂದು, ತೊಳೆಸಿಕೊಂಡು, ಮತ್ತೆ ಮನೆಗೆ ಹೋಗುವುದೆಂದರೇನು! ಎಷ್ಟು ಸಲ ಕಂಡರೂ ಅವಳಿಗೆ ಕೈ ಮುಗಿಯಬೇಕೆನಿಸುತ್ತಿತ್ತು. ಅತ್ತೆ ಇಷ್ಟನ್ನೂ ಸಹಿಸಿಕೊಂಡು ಬೈಯಲೂ ಶಕ್ತಿ ಉಳಿಸಿಕೊಂಡಿದ್ದರಲ್ಲ, ಅದಕ್ಕೂ!

ಅಷ್ಟರಲ್ಲಿ ಸಾಲಿನಿಂದ ಟೀಚರಮ್ಮ ಕೈಸನ್ನೆ ಮಾಡಿದರು. ಅತ್ತೆಯ ಪಕ್ಕದ ಕುರ್ಚಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಗೆಳತಿ ಆಕೆ, ಜೀವಕ್ಕೆ ಜೀವ.

"ಯಾಕೋ ತಲೆ ಸುತ್ತುತ್ತಿದೆ ಕಣಮ್ಮ, ಸಕ್ಕರೆ ಇಳಿದಿರಬೇಕು. ನಿಮ್ಮತ್ತೆ ಹತ್ರ ಆ ಬೆರಳು ಚುಚ್ಚೋ ಪೆನ್ನು ಇಸ್ಕೊಂಡು ಬಾ."

"ಅತ್ತೆಯದಾ? ನಿಮ್ಮದಿಲ್ವಾ ಟೀಚರಮ್ಮ?"

"ನಮ್ಮಿಬ್ಬರದೂ ಒಂದೇ! ಹೋದ ಸಲವೂ ಅವರೇ ಚುಚ್ಚಿ ನೋಡಿದ್ರು. ಸೂಜಿ ಬದಲಾಯಿಸೋಣ ಅಂದ್ರೆ, ಮೊಂಡಾಗದ ಸೂಜೀನ ಎಸೆಯೋಳು ದರ್ಜಿನೇ ಅಲ್ಲ ಅಂತಾರೆ" ಎಂದು ಟೀಚರಮ್ಮ ನಕ್ಕರು.

ಸೊಸೆಗೆ ಥಟ್ಟನೆ ನೆನಪಾಯಿತು. ಕಾಯಿಲೆ ತಿಳಿದ ದಿನ, ಟೀಚರಮ್ಮ ಮನೆಗೆ ಹೊರಟುಹೋದ ಮೇಲೆ, ದೊಡ್ಡ ನರ್ಸ್ ಸಾಲಿನಲ್ಲಿ ಉಳಿದ ಎಲ್ಲರನ್ನೂ ಕೇಳಿದ್ದರು: ಬ್ಲೇಡು, ಸೂಜಿ, ಏನಾದರೂ ಹಂಚಿಕೊಂಡಿದ್ದೀರಾ? ಎಲ್ಲರಿಗಿಂತ ಮೊದಲು ಇಲ್ಲವೆಂದವರು ಅತ್ತೆಯೇ! ಟೀಚರಮ್ಮನ ಸಕ್ಕರೆ ನೋಡಲು ನರ್ಸನ್ನು ಕರೆದು, ಅವಳು ಗಾಜಿನ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

"ನಿನಗ್ಯಾರೇ ಬರೋಕೆ ಹೇಳಿದ್ದು?"

"ಆ ಪೆನ್ನು ಎಲ್ಲಿದೆ ಅತ್ತೆ?"

ಅತ್ತೆಯ ಮುಖ ಸುಣ್ಣವಾಯಿತು. ತುಂಡುಬಟ್ಟೆಯಲ್ಲಿ ತಾವೇ ಹೊಲಿದ ಚೀಲವನ್ನು ತಲೆದಿಂಬಿನ ಕೆಳಗೆ ತಳ್ಳಲು ಹೋದರು. ಸೂಜಿಗಳಿದ್ದ ತೋಳು ಅಲುಗಿದ್ದಕ್ಕೆ ಯಂತ್ರ ಕೂಗಿಕೊಂಡಿತು, ನರ್ಸ್ ಬಂದು ಸರಿಪಡಿಸಿ ಹೋದರು.

"ನರ್ಸ್ ಕೇಳಿದ ದಿನವೇ ನನಗೆ ಹೊಳೀತು ಕಣೇ..." ದನಿ ಮೊದಲ ಬಾರಿಗೆ ಕುಗ್ಗಿತ್ತು. "ಯಾವೂರಿನಿಂದಲೋ ಬಂದು ಎರಡು ದಿನ ಇಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಹೋದನಲ್ಲ ಆ ಡ್ರೈವರ್, ಅವನಿಗೂ ಪೆನ್ನು ಕೊಟ್ಟಿದ್ದೆ, ಅವನಿಂದಲೇ ಬಂದಿರಬೇಕು. ಕತ್ತರಿ ಕೇಳಿದ್ರೆ ಕೊಡಲ್ವಾ, ಹಾಗೆ! ಬಟ್ಟೇಲಿ ಒರೆಸಿಬಿಟ್ರೆ ಆಯ್ತು ಅಂದುಕೊಂಡೆ... ಜನ್ಮವಿಡೀ ಸೂಜಿ ಹಿಡಿದೋಳು, ಸೂಜಿನೇ ಗೊತ್ತಾಗಲಿಲ್ಲ ನನಗೆ! ಬಾಯಿಬಿಡಬೇಡ, ನಿನ್ನ ಕಾಲು ಹಿಡೀತೀನಿ. ಗೆಳತೀನೇ ಕೊಂದೆ ಅಂತಾರೆ ಎಲ್ಲ..."

"ಅದಕ್ಕೇ ನನ್ನ ತಲೆಗೆ ಕಟ್ಟಿದ್ರಾ?"

ಅತ್ತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಸೊಸೆಗೆ ಅಳು ಉಕ್ಕಿತು, ನುಂಗಿಕೊಂಡಳು. "ನನ್ನ ಮಾತು ಬಿಡಿ. ನಿಮ್ಮ ಮರ್ಯಾದೆ ಕಾಯೋಕೆ ಆ ತಾಯೀನ ಬಲಿ ಕೊಡ್ತೀರಾ? ನಾನೇ ಹೋಗಿ ಹೇಳ್ತೀನಿ."

ಅವಳು ತಿರುಗಿದಳು. ಹಿಂದಿನಿಂದ ಅತ್ತೆ, "ನಿಲ್ಲು!" ಎಂದರು. "ಬಾಗಿಲು ತೆಗೆದಿಡು."

ಬಾಗಿಲು ತೆರೆಯಿತು. ತೋಳನ್ನು ಯಂತ್ರಕ್ಕೆ ಒಪ್ಪಿಸಿ ಏಳಲಾಗದೆ ಬಿದ್ದಿದ್ದ ಅತ್ತೆ, ಸಾಲಿನ ಕಟ್ಟಕಡೆಯ ಕುರ್ಚಿಗೂ ಕೇಳುವಂತೆ ಕೂಗಿದರು: "ಟೀಚರಮ್ಮಾ! ಆ ಪೆನ್ನು ಮುಟ್ಟಬೇಡಿ! ನನ್ನ ರಕ್ತ ಅದರಲ್ಲಿದೆ... ನಿಮಗೂ ಚುಚ್ಚಿಬಿಟ್ಟಿದ್ದೀನಿ! ಡಾಕ್ಟ್ರೇ, ಮೊದಲು ಅವರನ್ನ ನೋಡಿ! ಇನ್ನು ಯಾರ್ಯಾರು ಇಸ್ಕೊಂಡಿದ್ರೋ ಅವರೆಲ್ಲ ಹೇಳಿಬಿಡಿ! ನನ್ನ ಸೊಸೆ ತಂದಿದ್ದಲ್ಲ ಇದು! ನಾನು... ನಾನೇ ಸುಳ್ಳು ಹೇಳಿದ್ದು!"

ಯಂತ್ರಗಳ ಗುಂಯ್‌ ಸದ್ದಿನ ನಡುವೆ ಸಾಲಿನ ತಲೆಗಳೆಲ್ಲ ಇತ್ತ ತಿರುಗಿದವು. ಸೊಸೆ ಬಾಗಿಲು ಹಿಡಿದುಕೊಂಡೇ ನಿಂತಳು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯ ಹೆಂಗಸು ಅತ್ತೆ. ಗಿರಾಕಿಯ ರವಿಕೆ ಬಿಗಿಯಾದರೆ ಗಿರಾಕಿಯೇ ದಪ್ಪಗಾಗಿದ್ದಾಳೆ ಎನ್ನುವವರು! ಆ ಬಾಯಿಯಿಂದ ಈ ಮಾತು ಹೊರಡಲು ಒಳಗೆ ಏನೇನು ಮುರಿದಿರಬೇಕು ಎಂದು ಅವಳಿಗೆ ಅರ್ಥವಾಯಿತು.

ಡಾಕ್ಟರಮ್ಮ ಓಡಿ ಬಂದರು. ಎಲ್ಲರ ರಕ್ತ ಮತ್ತೆ ಪರೀಕ್ಷೆಗೆ ಹೋಯಿತು, ಟೀಚರಮ್ಮನ ತೋಳಿಗೆ ಚುಚ್ಚುಮದ್ದು ಬಿತ್ತು. ಆಮೇಲೆ ಡಾಕ್ಟರಮ್ಮ ಗಾಜಿನ ಕೋಣೆಗೆ ಬಂದು ಉಸಿರುಬಿಟ್ಟರು. "ಒಳ್ಳೇ ಹೊತ್ತಿಗೆ ಹೇಳಿದ್ರಿ. ಇನ್ನೂ ತಡವಾಗಿದ್ರೆ ಆ ಮದ್ದು ಕೊಟ್ಟೂ ಪ್ರಯೋಜನ ಇರ್ತಿರಲಿಲ್ಲ. ಈಗ ಭರವಸೆ ಇದೆ."

"ಅದೇನು ಮದ್ದು ಡಾಕ್ಟ್ರೇ?"

"ಕಾವಲು. ರಕ್ತದಲ್ಲಿ ಆ ಕಾವಲು ಇರೋರು ದಾನ ಕೊಡ್ತಾರಲ್ಲ, ಅದರಿಂದ ತೆಗೆದಿದ್ದು. ನಿಮ್ಮ ಸೊಸೆ ರಕ್ತದಲ್ಲಿದೆ ಅಂದೆನಲ್ಲ, ಅಂಥದ್ದೇ."

ಅತ್ತೆ ಸೊಸೆಯ ಕಡೆ ತಿರುಗಿ ನೋಡಿದರು. ವಿಷ ಎಂದಿದ್ದರಲ್ಲ ಆ ರಕ್ತವನ್ನು! ಮೂಗುತಿಯ ಪಕ್ಕದಿಂದ ಒಂದು ಹನಿ ಇಳಿಯಿತು. ಖಾಲಿಯಿದ್ದ ಕೈ ಮುಂದೆ ಬಂದು ಅವಳ ಹಣೆಯನ್ನು ಮುಟ್ಟಿತು, ಜ್ವರ ನೋಡುವವರ ಹಾಗೆ.

"ಅಷ್ಟು ಚಿಕ್ಕವಳು... ಆಗ ನಿನ್ನ ಯಾರು ನೋಡಿಕೊಂಡ್ರೇ?"

"ಯಾರಿಗೂ ಗೊತ್ತಾಗಲಿಲ್ಲ ಅತ್ತೆ. ನನಗೂ..." ಇಷ್ಟು ಹೊತ್ತು ತಡೆದಿದ್ದ ಅಳು ಕಟ್ಟೆಯೊಡೆಯಿತು. ಅತ್ತೆ ಅವಳ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು.

ಆಮೇಲೆ ಅತ್ತೆ ಸೆರಗಿನ ತುದಿಯಿಂದ ಅವಳ ಕೆನ್ನೆ ಒರೆಸಿದರು. "ಡಬ್ಬಿ ತಂದಿದ್ದೀಯೋ, ಇಲ್ಲ ನಿನ್ನೆ ಸಿಟ್ಟಿಗೆ ಮನೇಲೇ ಬಿಟ್ಟೆಯೋ?"

ಸೊಸೆ ಕೈ ತೊಳೆದು ಬಂದು, ಅನ್ನ ಕಲೆಸಿ ಬಾಯಿಗಿಟ್ಟಳು. ಅತ್ತೆ ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. ಅದಕ್ಕೆ ಅವಳು ಒಂದು ಹರಳು ಉಪ್ಪನ್ನೂ ಹಾಕಿರಲಿಲ್ಲ.

"ಉಪ್ಪು ಸರಿಯಾಗಿದೆ ಕಣೇ" ಎಂದು ಅತ್ತೆ ಮತ್ತೆ ಬಾಯಿ ತೆರೆದರು.