ಗೇಟಿನ ಬೋರ್ಡು, ಲಿಫ್ಟಿನ ಬೋರ್ಡು

ಅವಳು ಮೊದಲು ಮೆಚ್ಚಿದ್ದು ಅವನ ದನಿಯನ್ನು. ಜಾಹೀರಾತು ನೋಡಿ ಫೋನು ಮಾಡಿದಾಗ ಅವನು ಬಾಡಿಗೆಯ ಮಾತಿಗಿಂತ ಮೊದಲು ಕಿಟಕಿಯ ಮಾತಾಡಿದ. ಐದನೇ ಮಹಡಿ, ಬೆಳಗಿನ ಬಿಸಿಲು ನೇರ ಹಾಸಿಗೆಗೇ ಬರುತ್ತದೆ, ಅಲಾರಂ ಇಟ್ಟುಕೊಳ್ಳಬೇಕಾಗಿಲ್ಲ ಎಂದ. ಅವಳು ನಕ್ಕಳು. ಅವನೂ ನಕ್ಕ. ಮೂರು ದಿನ, ಮೂರು ಫೋನು. ಮೂರನೆಯದರಲ್ಲಿ ಮನೆಯ ಮಾತೇ ಬರಲಿಲ್ಲ.

ನಾಲ್ಕನೆಯ ದಿನ ಅವನು ಗೇಟಿನ ಬಳಿ ಕಾಯುತ್ತಿದ್ದ. ಅವಳ ಮೈಬಣ್ಣ ನೋಡಿದ, ಗುಂಗುರು ಕೂದಲು ನೋಡಿದ, ಯಾವ ಜನ ಎಂದು ತಿಳಿದುಕೊಂಡ. ಅವನ ಕೈ ತಾನಾಗಿಯೇ ಹಿಂದೆ ಹೋಗಿ ‘ಮನೆ ಖಾಲಿ ಇದೆ’ ಎಂಬ ಬೋರ್ಡನ್ನು ಕೊಂಡಿಯಿಂದ ಬಿಡಿಸಿತು. ಬೆಳಿಗ್ಗೆಯೇ ಬೇರೆಯವರಿಗೆ ಕೊಟ್ಟಾಯಿತು ಎಂದ. ದನಿ ಅದೇ, ಕಿಟಕಿ ಮಾತ್ರ ಮುಚ್ಚಿತ್ತು. ಬೀದಿಯ ತಿರುವಿನಲ್ಲಿ ಅವಳು ಹೊರಳಿ ನೋಡಿದಾಗ ಬೋರ್ಡು ಮತ್ತೆ ಗೇಟಿನ ಮೇಲಿತ್ತು.

ದೇವರನ್ನು ನಂಬಿದವಳು ಅವಳು. ಅಂದು ಕೈಮುಗಿದಾಗ ಕ್ಷಮಿಸುವ ಬುದ್ಧಿ ಕೊಡು ಎಂದು ಬೇಡಲಿಲ್ಲ. ಇದೊಂದನ್ನು ಮರೆಸಬೇಡ ಎಂದಳು. ಕೆಲವು ಮೊರೆಗಳನ್ನು ಭಗವಂತ ಬೇಗ ಕೇಳಿಸಿಕೊಳ್ಳುತ್ತಾನೆ.

ಎರಡು ತಿಂಗಳಿಗೆ ಆ ಕಟ್ಟಡದ ಲಿಫ್ಟು ಕೆಟ್ಟಿತು. ಕಂಪನಿ ಕಳಿಸಿದ್ದು ಅವಳನ್ನೇ. ಜೊತೆಗಾರರ ಬಾಯಲ್ಲಿ ಅವಳು ‘ಸ್ಪ್ಯಾನರಕ್ಕ’; ಆ ಭಾಗದ ಲಿಫ್ಟುಗಳ ನಾಡಿ ಬಲ್ಲವಳು. ಕೆಲಸ ಶುರುಮಾಡುವ ಮೊದಲು ಬಾಗಿಲಿಗೆ ‘ದುರಸ್ತಿ ನಡೆಯುತ್ತಿದೆ, ಬಳಸಬೇಡಿ’ ಎಂಬ ಬೋರ್ಡು ತೂಗುಹಾಕುವುದು ಅವರ ನಿಯಮ. ಹಾಕಿದವರೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಅರ್ಧ ದಿನದಲ್ಲಿ ಲಿಫ್ಟು ಸರಿಹೋಯಿತು. ಬೋರ್ಡನ್ನು ಅವಳು ತೆಗೆಯಲಿಲ್ಲ.

ಮರುದಿನ ಬಂದಳು, ಅದರ ಮರುದಿನವೂ ಬಂದಳು. ಪ್ಯಾನೆಲ್ಲು ಬಿಚ್ಚಿ, ಸಡಿಲಿಸಿದ ನಟ್ಟನ್ನೇ ಮತ್ತೆ ಬಿಗಿದಳು. ಕಟ್ಟಡದ ಒಡತಿ, ಅವನ ಸೋದರತ್ತೆ, ಮಹಡಿ ಮಹಡಿಗೂ ನಿಂತು ಏದುಸಿರು ಬಿಡುವುದು ಕೆಳಗಿನವರೆಗೆ ಕೇಳುತ್ತಿತ್ತು. ಅದನ್ನು ಕೇಳಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ತೊಡಕಾದದ್ದು ಅವನ ಟೀ. ಮೊದಲ ದಿನ ಅವಳಿಗೆಂದು ತಂದ ಕಪ್ಪನ್ನು ಇಟ್ಟು ಓಡಿಹೋದ. ಎರಡನೆಯ ದಿನ ಮೆಟ್ಟಿಲ ಮೇಲೆ ಕೂತ. ಅವಳ ಕೆನ್ನೆಗೆ ಹತ್ತಿದ ಗ್ರೀಸನ್ನು ಕಂಡು, ಹೇಳಲಾರದೆ ತನ್ನ ಕೆನ್ನೆಯನ್ನೇ ಒರೆಸಿಕೊಂಡ. ಅವಳು ಉಕ್ಕಿದ ನಗುವನ್ನು ಸ್ಕ್ರೂವಿನಂತೆ ಹಲ್ಲಲ್ಲಿ ಕಚ್ಚಿ ಹಿಡಿದಳು. ಆಮೇಲೆ ತನ್ನ ಮೇಲೇ ಸಿಟ್ಟಾದಳು.

ಮೂರನೆಯ ದಿನ ಅವನು ಪ್ಯಾನೆಲ್ಲಿನೊಳಗೆ ಉರಿಯುತ್ತಿದ್ದ ಹಸಿರು ದೀಪ ನೋಡಿದ.

“ಲಿಫ್ಟು ಸರಿ ಇದೆ ಅಲ್ವಾ?”

“ಮೊನ್ನೆಯಿಂದ ಇದೆ.”

“ಮತ್ತೆ ಬೋರ್ಡು?”

“ಖಾಲಿ ಇರೋ ಮನೆಯ ಬೋರ್ಡು ತೆಗೀಬಹುದಾದ್ರೆ, ಸರಿ ಇರೋ ಲಿಫ್ಟಿಗೆ ಹಾಕಬಾರದಾ ಸಾರ್?”

ಅವನು ಕಪ್ಪನ್ನು ಕೆಳಗಿಟ್ಟ. ಮೊದಲ ದಿನವೇ ಗುರುತು ಸಿಕ್ಕಿತ್ತು, ಬಾಯಿ ಬರಲಿಲ್ಲ ಎಂದ. ಅವಳ ಜನರ ಬಗ್ಗೆ ತನ್ನ ಮನಸ್ಸಿನಲ್ಲಿ ಯಾವತ್ತೂ ಏನೂ ಇಲ್ಲ, ಅತ್ತೆಗೆ ಮಾತ್ರ ಅವರನ್ನು ಕಂಡರಾಗದು ಎಂದ.

“ಅತ್ತೆ ಆವತ್ತು ಗೇಟ್ ಹತ್ರ ಇದ್ರಾ?”

“ಇಲ್ಲ.”

“ಬೋರ್ಡು ತೆಗಿ ಅಂತ ಹೇಳಿದ್ರಾ?”

“ಇಲ್ಲ.”

“ದ್ವೇಷ ಅವರದು, ಕೈ ನಿಮ್ಮದು. ನನ್ನನ್ನ ಬೀದೀಲಿ ನಿಲ್ಲಿಸಿದ್ದು ಆ ಕೈ.”

ಅಷ್ಟರಲ್ಲಿ ಹೊರಗಿನಿಂದ ಅತ್ತೆ ಬಂದಳು, ಹತ್ತಬೇಕಾದ ಐದು ಮಹಡಿ ನೆನೆದು ಆಗಲೇ ಮುಖ ಸಣ್ಣದು ಮಾಡಿಕೊಂಡು. ಅತ್ತೆಯ ಮುಂದೆ ಇನ್ನು ಇವನು ಬಾಯಿ ಬಿಡುವುದಿಲ್ಲ ಎಂದುಕೊಂಡಳು ಅವಳು. ಬಿಡದಿದ್ದರೆ ಈ ಬೀದಿಗೆ ಮತ್ತೆ ಕಾಲಿಡುವುದಿಲ್ಲ. ಹಾಗೆಂದುಕೊಂಡಾಗ ಎದೆ ಧಸಕ್ಕೆಂದದ್ದು ಅವಳಿಗೇ ಹಿಡಿಸಲಿಲ್ಲ.

“ಅತ್ತೆ, ಇವರು ಮನೆ ಕೇಳ್ಕೊಂಡು ಬಂದಿದ್ರು. ಖಾಲಿ ಇದ್ರೂ ಇಲ್ಲ ಅಂದೆ. ನೀವು ಹೇಳಿರಲಿಲ್ಲ, ಇವರ ಬಣ್ಣ ನೋಡಿ ನಾನೇ ಸುಳ್ಳು ಹೇಳಿದೆ. ಇವರು ಅಂದ್ರೆ ನನಗಿಷ್ಟ. ಅದನ್ನ ಫೋನಲ್ಲೇ ಹೇಳಬೇಕಿತ್ತು.”

ಅತ್ತೆ ಅವನನ್ನು ನೋಡಿದಳು, ಇವಳನ್ನು ನೋಡಿದಳು, ಕೊನೆಗೆ ಮೆಟ್ಟಿಲುಗಳನ್ನು ನೋಡಿದಳು. ತಾನು ಯಾರಿಗೂ ಕೇಡು ಬಯಸಿದವಳಲ್ಲ, ಆ ಮನೆ ಇನ್ನೂ ಖಾಲಿ ಇದೆ, ಬೇಕಿದ್ದರೆ ಈಗಲೇ ಕೊಡೋಣ, ಮೊದಲು ಲಿಫ್ಟು ಬಿಡು ಎಂದಳು.

“ಆ ಮನೆ ನನಗೆ ಬೇಡಮ್ಮ. ಬಿಸಿಲು ಬೇರೆ ಕಡೇನೂ ಬೀಳುತ್ತೆ.”

ಅವಳು ಗದ್ದವೆತ್ತಿ ಅವನಿಗೆ ಬೋರ್ಡು ತೋರಿಸಿದಳು. “ನೀವೇ ತೆಗೀರಿ. ನಿಮಗೆ ಅಭ್ಯಾಸ ಇದೆ.”

ಕೆಲಸಕ್ಕೆ ಸೇರಿದ ಮೇಲೆ ಅವಳು ಆ ನಿಯಮ ಮುರಿದದ್ದು ಅದೊಂದೇ ಸಲ. ಅವನ ಕಿವಿಗಳು ಕೆಂಪಾದವು. ಬೋರ್ಡು ತೆಗೆದ. ಅತ್ತೆ ಒಬ್ಬಳೇ ಮೇಲೆ ಹೋದಳು.

ಅವನು ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಅವಳ ಟೂಲ್ ಬ್ಯಾಗು ಎತ್ತಿದ. ಹದಿನೆಂಟು ಕೆಜಿ, ಹೆಗಲು ಒಂದೇ ಸಲಕ್ಕೆ ವಾಲಿತು. ಕೊಡಿ ಎಂದು ಅವಳು ಅನ್ನಲಿಲ್ಲ.

“ನಿಮ್ಮ ಮನೆ ಎಷ್ಟು ದೂರ?”

“ಎಡಕ್ಕೆ ಹೋದ್ರೆ ಹತ್ತು ನಿಮಿಷ,” ಎಂದು ಅವಳು ಬಲಕ್ಕೆ ತಿರುಗಿ, ಬಲು ನಿಧಾನವಾಗಿ ನಡೆಯತೊಡಗಿದಳು.