ಹದಿನೇಳನೇ ಪುಟದ ಹೂವು

"ಏಯ್! ಹದಿನೇಳನೇ ಪುಟ ಮುಟ್ಬೇಡಿ!"

ರಾಮಕುಂಜದ ಲೈಬ್ರರಿಯಲ್ಲಿ ಮೊದಲ ದಿನವೇ ಉಲ್ಲಾಸನಿಗೆ ಸಿಕ್ಕ ಸ್ವಾಗತ ಇದು. ಪುತ್ತೂರಿನವನು. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಫೋನಿನಲ್ಲಿ ಓದುವಂತೆ ಮಾಡುವುದು ಅವನ ಕೆಲಸ. ಕೈಯಲ್ಲಿ ರಬ್ಬರ್ ಹಿಡಿದಿದ್ದ.

ಕೂಗಿದವಳು ಲೈಬ್ರರಿ ನೋಡಿಕೊಳ್ಳುವ ಸುರಕ್ಷಾ.

"ಯಾರೋ ಪೆನ್ಸಿಲಿನಲ್ಲಿ ಹೂವು ಗೀಚಿದ್ದಾರೆ ಮೇಡಂ. ಒರೆಸುದು ಅಂತ..."

"ಯಾರೋ ಅಲ್ಲ. ನನ್ನ ಅಮ್ಮ!"

ಆ ಊರಿನ ಓದುಗರಿಗೆ ಒಂದು ಅಭ್ಯಾಸ. ಓದಿದ ಪುಸ್ತಕವನ್ನೇ ಮರೆತು ಮತ್ತೆ ಮನೆಗೆ ಒಯ್ಯಬಾರದೆಂದು ಹದಿನೇಳನೇ ಪುಟದ ಮೂಲೆಯಲ್ಲಿ ತಮ್ಮ ಗುರುತು ಹಾಕುತ್ತಾರೆ. ಕೂಸಪ್ಪನದ್ದು ಎರಡು ಗೀಟು, ಪಾತುಮ್ಮನದ್ದು ಚಂದ್ರ, ಕಮಲಾವತಿಯದ್ದು ಐದೆಸಳಿನ ಹೂವು. ಕಮಲಾವತಿ ತೀರಿಹೋಗಿ ಎರಡು ವರ್ಷ. ಫೋಟೋ ಗೋಡೆಯಲ್ಲಿತ್ತು, ಸರಿ. ಆದರೆ ಸುರಕ್ಷಾಳಿಗೆ ಅಮ್ಮ ಸಿಗುತ್ತಿದ್ದದ್ದು ಈ ಹೂವುಗಳಲ್ಲೇ.

ಉಲ್ಲಾಸ್ ರಬ್ಬರನ್ನು ಕಿಟಕಿಯಿಂದ ಹೊರಗೆಸೆದ. ಸುರಕ್ಷಾಳಿಗೆ ನಗು ಬಂತು. ಹಾಳಾದ ನಗು... ಅಲ್ಲಿಂದಲೇ ಎಲ್ಲ ಶುರು!

ಎರಡು ವಾರ ಅವನು ಪುಟ ತಿರುಗಿಸಿದ, ಅವಳು ಧೂಳು ಒರೆಸಿದಳು. ಅವಳ ಬುತ್ತಿಯ ನೀರುದೋಸೆಯಲ್ಲಿ ಅರ್ಧ ಅವನಿಗೆ. ಹೊಸ ಹೂವು ಸಿಕ್ಕಾಗಲೆಲ್ಲ ಅವನು ಕೂಗುತ್ತಿದ್ದ, "ನಿನ್ನ ಅಮ್ಮ ಇದನ್ನೂ ಬಿಡ್ಲಿಲ್ಲ ಮಾರಾಯ್ತಿ!"

ಒಂದು ಮಧ್ಯಾಹ್ನ ಅವಳು ಅವನ ಲ್ಯಾಪ್‌ಟಾಪಿಗೆ ಇಣುಕಿದಳು. ಹದಿನೇಳನೇ ಪುಟ. ದೊಡ್ಡ ಅಕ್ಷರ, ಹಾಲಿನಂಥ ಬಿಳಿ. ಹೂವು ಇಲ್ಲ! ಇನ್ನೊಂದು ಪುಸ್ತಕ... ಅಲ್ಲೂ ಇಲ್ಲ!

'ಇವನಿಗೆ ಎಲ್ಲ ಹೇಳಿದ್ದೆನಲ್ಲ...'

"ಗೊತ್ತಿದ್ದೂ ಇದರಲ್ಲಿ ಒರೆಸಿದಿರಲ್ಲ!"

"ಸುರಕ್ಷಾ, ಒಮ್ಮೆ ಕೇಳು..."

"ಎಂತ ಕೇಳುದು? ನಾಳೆ ಎಲ್ಲರೂ ಫೋನಿನಲ್ಲೇ ಓದುದು. ಈ ಪುಸ್ತಕ ಗೆದ್ದಲಿಗೆ. ಆಗ ನನ್ನ ಅಮ್ಮ ಎಲ್ಲಿ? ಹೋಗಿ ಇಲ್ಲಿಂದ!"

ಹೋದ. ಗಂಡಸರಿಗೆ ಇದೊಂದು ರೋಗ. ಹೋಗು ಎಂದರೆ ಹೋಗಿಯೇ ಬಿಡುತ್ತಾರೆ!

ಐದನೇ ದಿನ ಪಾತುಮ್ಮ ಬಂದರು. ಕಣ್ಣು ಮಂಜಾಗಿ ಮೂರು ವರ್ಷದಿಂದ ಲೈಬ್ರರಿ ಕಡೆ ಬಾರದವರು. ಕೈಯಲ್ಲಿ ಫೋನ್.

"ಮಗಳೇ, ಇಡೀ ಪುಸ್ತಕ ಓದಿದೆ! ಅಕ್ಷರ ಕುಂಬಳಕಾಯಿಯಷ್ಟು ದೊಡ್ಡ ಮಾಡ್ಲಿಕ್ಕೆ ಆಗ್ತದೆ. ನಿನ್ನ ಅಮ್ಮ ಓದಿದ್ದು ಅಂತ ನೋಡಿಯೇ ಆರಿಸಿದ್ದು."

"ಅಮ್ಮ ಓದಿದ್ದು... ಹೇಗೆ ಗೊತ್ತಾಯ್ತು?"

"ಇಗಾ, ಹೂವು ಉಂಟಲ್ಲ!"

ಪಾತುಮ್ಮ ಪುಟದ ಮೂಲೆ ಒತ್ತಿದರು. ಬಿಳಿ ಪುಟ ಸರಿದು ಹಳದಿ ಪುಟ ಬಂತು. ಹೂವು, ಗೀಟು, ಚಂದ್ರ... ಎಲ್ಲ ಇದ್ದಲ್ಲೇ!

"ಬಿಳಿ ಪುಟ ನನ್ನಂಥ ಕಣ್ಣು ಕಾಣದವರಿಗಂತೆ. ಹಳೆಯದು ಅದರ ಹಿಂದೆಯೇ ಉಂಟು. ಆ ಹುಡುಗ ನಿನ್ನೆ ಮನೆಗೆ ಬಂದು ಕಲಿಸಿದ. ಹೊಸ ಚಂದ್ರ ಹಾಕ್ಲಿಕ್ಕೂ ಜಾಗ ಇಟ್ಟಿದ್ದಾನೆ ಮಾರಾಯ್ತಿ!"

ಸುರಕ್ಷಾ ಪುತ್ತೂರಿನ ಬಸ್ಸು ಹತ್ತಿದಳು. ಚೀಲದಲ್ಲಿ ಒಂದು ದಪ್ಪ ಕಾದಂಬರಿ. ಆಫೀಸಿನಲ್ಲಿ ಉಲ್ಲಾಸನ ಮೇಜಿನ ಮೇಲೆ ಹದಿನೇಳನೇ ಪುಟ ತೆರೆದಿಟ್ಟಳು. ಅಮ್ಮನ ಹೂವು. ಪಕ್ಕದಲ್ಲಿ ಅವಳದೇ ಗುರುತು, ಪುಟ್ಟ ಎಲೆ.

"ನೀವು ಹೇಳುದನ್ನು ಕೇಳ್ಬೇಕಿತ್ತು ನಾನು..."

"ನಾನೂ ಹೇಳಿಯೇ ಹೋಗ್ಬೇಕಿತ್ತು."

ಅವಳು ಪೆನ್ಸಿಲ್ ಚಾಚಿದಳು. "ಎಲೆಯ ಪಕ್ಕ ನಿಮ್ಮ ಗುರುತು ಹಾಕಿ."

ಅವನು ಪೆನ್ಸಿಲ್ ಹಿಂದಕ್ಕೆ ಕೊಟ್ಟ. "ನಾನು ಇದನ್ನು ಓದ್ಲಿಲ್ಲ ಸುರಕ್ಷಾ. ಓದದೆ ಹಾಕಿದ್ರೆ ನಿನ್ನ ಅಮ್ಮ ಬಿಡ್ತಾರಾ?"

"ಹಾಗಾದ್ರೆ ಓದಿ."

"ಐನೂರು ಪುಟ ಮಾರಾಯ್ತಿ! ಎರಡು ತಿಂಗಳು ಬೇಕು."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಓದಿ... ಮದುವೆ ತಯಾರಿಗೆ ಅಷ್ಟಾದ್ರೂ ಬೇಕಲ್ಲ!"